ಮಣ್ಣು ಕೊರೆದ ಮನೆ ಯಾಕೆ ಬೀಳುವುದಿಲ್ಲ? ಶಾನ್‌ಶಿಯ ನೆಲದ ಬಗ್ಗೆ ಒಂದು ಉತ್ತರ

ಓದುಗರ ಪ್ರಶ್ನೆ: ನನ್ನ ಮಗಳು ಚೀನಾದ ಶಾನ್‌ಶಿ ಪ್ರಾಂತ್ಯದ ತೈಯುವಾನ್ ನಗರದಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ರಜೆ ಸಿಕ್ಕಾಗ ಬಸ್ಸು ಹತ್ತಿ ಸುತ್ತಾಡಿ ಫೋಟೊ ಕಳಿಸುತ್ತಾಳೆ. ಎಲ್ಲಿ ನೋಡಿದರೂ ಹಳದಿ ಗುಡ್ಡ, ಗುಡ್ಡದ ಮೈಮೇಲೆ ಮೆಟ್ಟಿಲು ಹೊಲ, ಮಣ್ಣನ್ನೇ ಕೊರೆದು ಮಾಡಿದ ಮನೆಗಳು. ಒಳಗೆ ಕಂಬ ಇಲ್ಲ, ತೊಲೆ ಇಲ್ಲ. ನಮ್ಮೂರಲ್ಲಿ ಮಣ್ಣಿನ ಗೋಡೆಗೆ ಮಳೆ ಹೊಡೆದರೆ ಎರಡೇ ವರ್ಷಕ್ಕೆ ಕರಗುತ್ತದೆ. ಅಲ್ಲಿ ಹೇಗೆ ನಿಂತಿದೆ? ಇಡೀ ಪ್ರಾಂತ್ಯ ಹೀಗೇನಾ?

ಉತ್ತರ: ಮೊದಲು ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಇಡೀ ಪ್ರಾಂತ್ಯ ಹಾಗಿಲ್ಲ. ಆದರೆ ಆ ಹಳದಿ ಮಣ್ಣು ಅರ್ಥವಾದರೆ ಶಾನ್‌ಶಿಯ ಮುಕ್ಕಾಲು ಪಾಲು ಅರ್ಥವಾದ ಹಾಗೆ.

ಶಾನ್ ಅಂದರೆ ಬೆಟ್ಟ, ಶಿ ಅಂದರೆ ಪಡುವಣ. ಬೆಟ್ಟದ ಪಡುವಣ ಸೀಮೆ ಅಂತ ಹೆಸರು. ಆ ಬೆಟ್ಟ ತೈಹಾಂಗ್ ಸಾಲು. ಅದರ ಮೂಡಣಕ್ಕೆ ಇರುವುದು ಶಾನ್‌ದೋಂಗ್, ಬೆಟ್ಟದ ಮೂಡಣ. ಪಕ್ಕದಲ್ಲೇ ಇನ್ನೊಂದು ಪ್ರಾಂತ್ಯ ಇದೆ, ಅದರ ಹೆಸರೂ ಕಿವಿಗೆ ಶಾನ್‌ಶಿ ಅಂತಲೇ ಕೇಳುತ್ತದೆ. ಚೀನೀ ಭಾಷೆಯಲ್ಲಿ ಸ್ವರದ ಏರಿಳಿತ ಬೇರೆ, ಬರೆಯುವ ಅಕ್ಷರ ಬೇರೆ. ಗೊಂದಲ ಬೇಡ ಅಂತ ಇಂಗ್ಲಿಷಿನಲ್ಲಿ ಅದಕ್ಕೆ ಎರಡು 'ಎ' ಹಾಕಿ ಬರೆಯುತ್ತಾರೆ. ನಾನೂ ಇಲ್ಲಿ ಅದನ್ನು ಶಾಆನ್‌ಶಿ ಅಂತ ಬರೆಯುತ್ತೇನೆ. ಮಗಳು ಟಿಕೆಟ್ ಬುಕ್ ಮಾಡುವಾಗ ಈ ಎರಡನ್ನೂ ನೋಡಿಕೊಳ್ಳಲಿ.

ವಿಸ್ತಾರ ಸುಮಾರು 1.56 ಲಕ್ಷ ಚದರ ಕಿಲೋಮೀಟರ್. ನಮ್ಮ ರಾಜ್ಯಕ್ಕಿಂತ ಸ್ವಲ್ಪ ಚಿಕ್ಕದು. 2020ರ ಜನಗಣತಿ ಪ್ರಕಾರ ಜನ ಸುಮಾರು 3.5 ಕೋಟಿ. ನಕ್ಷೆ ಬಿಡಿಸಿದರೆ ಬಲಕ್ಕೆ ವಾಲಿದ ಚೌಕದ ಹಾಗೆ ಕಾಣುತ್ತದೆ. ಮೂಡಣದ ಅಂಚು ತೈಹಾಂಗ್. ಪಡುವಣದ ಅಂಚು ಹಳದಿ ನದಿ, ಅಂದರೆ ಹ್ವಾಂಗ್ ಹೆ. ನದಿ ತೆಂಕಣದ ಮೂಲೆಯಲ್ಲಿ ತಟ್ಟನೆ ಮೂಡಣಕ್ಕೆ ತಿರುಗುತ್ತದೆ, ಹಾಗಾಗಿ ತೆಂಕಣದ ಗಡಿಯಲ್ಲೂ ಒಂದಷ್ಟು ದೂರ ಅದೇ. ಬಡಗಣಕ್ಕೆ ಮಹಾಗೋಡೆ, ಅದರಾಚೆ ಒಳ ಮಂಗೋಲಿಯದ ಹುಲ್ಲುಗಾವಲು. ಒಳಗೂ ಹೊರಗೂ ಬೆಟ್ಟ ನದಿ ಅಂತ ಈ ಸೀಮೆಗೆ ಬಹಳ ಹಳೆಯ ಮಾತೊಂದಿದೆ. ಅದು ಸುಮ್ನೆ ಹೊಗಳಿಕೆ ಅಲ್ಲ, ನಕ್ಷೆಯೇ ಹಾಗಿದೆ.

ಐದರಲ್ಲಿ ನಾಲ್ಕು ಪಾಲು ನೆಲ ಗುಡ್ಡಬೆಟ್ಟವೇ. ಮೂಡಣಕ್ಕೆ ತೈಹಾಂಗ್, ಪಡುವಣಕ್ಕೆ ಲ್ಯುಲಿಯಾಂಗ್ ಬೆಟ್ಟಗಳು. ನಡುವೆ ನೆಲ ಬಿರುಕು ಬಿಟ್ಟು ಕುಸಿದು ಆದ ತಗ್ಗುಗಳು, ಬಡಗಣದಿಂದ ತೆಂಕಣಕ್ಕೆ ಮಣಿ ಪೋಣಿಸಿದ ಹಾಗೆ: ದಾತೋಂಗ್, ಶಿನ್‌ಜೋ, ತೈಯುವಾನ್, ಲಿನ್‌ಫೆನ್, ಯುಂಚೆಂಗ್. ನಿಮ್ಮ ಮಗಳು ಇರುವುದು ಇಂಥ ಒಂದು ತಗ್ಗಿನಲ್ಲಿ, ಸುಮಾರು 800 ಮೀಟರ್ ಎತ್ತರದಲ್ಲಿ. ಊರಿನ ನಡುವೆ ಹರಿಯುವ ಫೆನ್ ನದಿ ಬಡಗಣದ ನಿಂಗ್‌ವು ಬೆಟ್ಟಗಳಲ್ಲಿ ಹುಟ್ಟಿ, 700 ಕಿಲೋಮೀಟರ್ ಇಳಿದು ಹಳದಿ ನದಿಗೆ ಸೇರುತ್ತದೆ. ಗೋಧಿ, ಜೋಳ, ದೊಡ್ಡ ಊರುಗಳು, ರೈಲು ಎಲ್ಲ ಜಾಸ್ತಿ ಈ ತಗ್ಗುಗಳಲ್ಲೇ. ಪ್ರಾಂತ್ಯದ ಅತಿ ಎತ್ತರದ ಜಾಗ ವುತಾಯ್ ಬೆಟ್ಟದ ಬಡಗಣ ಶಿಖರ, 3,061 ಮೀಟರ್. ಬೌದ್ಧರಿಗೆ ಅದು ಪವಿತ್ರ ಕ್ಷೇತ್ರ.

ಈಗ ಮಣ್ಣಿನ ವಿಚಾರಕ್ಕೆ ಬರೋಣ. ನನಗೆ ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು.

ಆ ಮಣ್ಣನ್ನು ಅಲ್ಲಿಯವರು ಹ್ವಾಂಗ್‌ತು ಅನ್ನುತ್ತಾರೆ, ಅಂದರೆ ಹಳದಿ ಮಣ್ಣು. ಭೂವಿಜ್ಞಾನದಲ್ಲಿ ಲೋಯೆಸ್ ಅನ್ನುತ್ತೇವೆ. ಇದು ಅಲ್ಲಿಯ ಕಲ್ಲು ಕರಗಿ ಆದ ಮಣ್ಣಲ್ಲ. ಗಾಳಿ ತಂದು ಸುರಿದ ಧೂಳು. ಬಡಗಣ ಮತ್ತು ವಾಯವ್ಯದ ಮರುಭೂಮಿಗಳಿಂದ, ಚಳಿಗಾಲ ಮತ್ತು ವಸಂತದ ಒಣ ಗಾಳಿಯಲ್ಲಿ, ಸುಮಾರು 25 ಲಕ್ಷ ವರ್ಷಗಳಿಂದ ಬಂದು ಬೀಳುತ್ತಲೇ ಇದೆ. ಕೆಲವು ಕಡೆ 100 ಮೀಟರಿಗಿಂತ ದಪ್ಪ ಪದರ. ಬೆಟ್ಟ ಕಣಿವೆ ನೋಡದೆ ಎಲ್ಲದರ ಮೇಲೂ ಹೊದಿಕೆ ಹೊದಿಸಿದ ಹಾಗೆ ಬಿದ್ದಿದೆ. 1868ರಿಂದ 1872ರ ತನಕ ಚೀನಾ ಸುತ್ತಿದ ಜರ್ಮನ್ ಭೂಗೋಳ ವಿಜ್ಞಾನಿ ಫರ್ಡಿನಾಂಡ್ ಫಾನ್ ರಿಕ್ಟ್‌ಹೋಫೆನ್ ಇದು ಗಾಳಿಯ ಕೆಲಸ ಅಂತ ವಾದಿಸಿದರು. ಅದಕ್ಕೆ ಗಟ್ಟಿ ಸಾಕ್ಷಿ ಒದಗಿಸಿದವರಲ್ಲಿ ಚೀನಾದ ಲಿಯು ದೋಂಗ್‌ಶೆಂಗ್ ದೊಡ್ಡ ಹೆಸರು. ಸಾಕ್ಷಿ ಬಹಳ ಸರಳವಾದದ್ದು. ವಾಯವ್ಯದ ಕಡೆ ಮಣ್ಣಿನ ಕಣ ದಪ್ಪ, ಆಗ್ನೇಯಕ್ಕೆ ಬರುತ್ತಾ ಬರುತ್ತಾ ಸಣ್ಣ. ತೂರುವಾಗ ಕಾಳು ಹತ್ತಿರ ಬಿದ್ದು ಹೊಟ್ಟು ದೂರ ಹೋಗುತ್ತದಲ್ವಾ, ಹಾಗೆ.

ಒಂದು ಹೆಂಟೆ ಕೈಗೆ ತೆಗೆದುಕೊಂಡರೆ ಮೊದಲು ಅನ್ನಿಸುವುದು, ಇಷ್ಟು ಹಗುರ ಯಾಕೆ ಅಂತ. ಕಾರಣ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಖಾಲಿ ಜಾಗ. ಬೆರಳಲ್ಲಿ ಉಜ್ಜಿದರೆ ಗೋಧಿ ಹಿಟ್ಟಿನ ಹಾಗೆ ಪುಡಿಯಾಗಿ ಬೆರಳಿನ ಗೆರೆಗಳಲ್ಲಿ ಕೂರುತ್ತದೆ. ಮರಳಿನ ಹಾಗೆ ಗರಗರ ಇಲ್ಲ, ಜೇಡಿಯ ಹಾಗೆ ಅಂಟೂ ಇಲ್ಲ. ಬರಿಗಣ್ಣಿಗೆ ಸೂಜಿ ಚುಚ್ಚಿದಂಥ ನೆಟ್ಟನೆಯ ತೂತುಗಳು ಕಾಣುತ್ತವೆ, ಹಳೆಯ ಹುಲ್ಲಿನ ಬೇರು ಇದ್ದ ಜಾಗ. ಆ ತೂತಿನ ಒಳಮೈಗೆ ಬಿಳಿ ಸುಣ್ಣದ ತೆಳು ಲೇಪ.

ನಿಮ್ಮ ಪ್ರಶ್ನೆಗೆ ಉತ್ತರ ಈ ಸುಣ್ಣದಲ್ಲೂ ಆ ಖಾಲಿ ಜಾಗದಲ್ಲೂ ಇದೆ. ಕಣಗಳು ಗುಂಡಗಿಲ್ಲ, ಮೂಲೆ ಮೂಲೆಯಾಗಿವೆ. ಒಂದಕ್ಕೊಂದು ಸಿಕ್ಕಿಕೊಂಡು ಕೂತಿವೆ. ಮುಟ್ಟಿದ ಜಾಗದಲ್ಲಿ ಸುಣ್ಣ ಮತ್ತು ಚೂರು ಜೇಡಿ ಅಂಟಿನ ಹಾಗೆ ಹಿಡಿದಿವೆ. ಒಣಗಿದ್ದಾಗ ಈ ಹಿಡಿತ ಎಷ್ಟು ಗಟ್ಟಿ ಅಂದರೆ ಹತ್ತಾರು ಮೀಟರ್ ಎತ್ತರದ ಮಣ್ಣಿನ ಗೋಡೆ ನೇರ ನಿಲ್ಲುತ್ತದೆ. ಓರೆಯಾಗಿ ಕಡಿದರೇ ಕಷ್ಟ, ಮಳೆನೀರು ಮೈಮೇಲೆ ಹರಿದು ಕೊರೆಯುತ್ತದೆ. ನೆಟ್ಟಗೆ ಕಡಿದರೆ ಬಾಳಿಕೆ ಹೆಚ್ಚು. ಆದರೆ ಅದೇ ಹೆಂಟೆಯನ್ನು ಒಂದು ಲೋಟ ನೀರಿಗೆ ಹಾಕಿ ನೋಡಿ. ಮೊದಲು ಬುಳುಬುಳು ಗುಳ್ಳೆ ಬರುತ್ತವೆ. ಆಮೇಲೆ ಅಂಚು ಉದುರುತ್ತದೆ. ನೋಡನೋಡುತ್ತಾ ಹೆಂಟೆ ಕುಸಿದು ತಳದಲ್ಲಿ ಹಳದಿ ರಾಡಿ ಉಳಿಯುತ್ತದೆ.

ಹಾಗಾಗಿ ಮನೆ ನಿಂತಿರುವುದು ಮಣ್ಣು ಗಟ್ಟಿ ಅನ್ನುವ ಒಂದೇ ಕಾರಣಕ್ಕಲ್ಲ. ಅಲ್ಲಿ ಮಳೆ ಕಡಿಮೆ, ಅದಕ್ಕೇ ಮಣ್ಣು ಗಟ್ಟಿಯಾಗಿದೆ. ವರ್ಷಕ್ಕೆ 400ರಿಂದ 650 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜುಲೈನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ.

ಆ ಮನೆಗಳ ಹೆಸರು ಯಾವೊದೋಂಗ್. ಕಟ್ಟುವ ಕ್ರಮದಲ್ಲಿ ನೀರಿನ ಹೆದರಿಕೆ ಎದ್ದು ಕಾಣುತ್ತದೆ. ತೆಂಕಣಕ್ಕೆ ಮುಖ ಮಾಡಿದ ಗುಡ್ಡ ಆರಿಸಿ, ಮೊದಲು ಮುಂದಿನ ಗೋಡೆಯನ್ನು ನೆಟ್ಟಗೆ ಕಡಿಯುತ್ತಾರೆ. ಆಮೇಲೆ ಕಮಾನಿನ ಆಕಾರದಲ್ಲಿ ಒಳಗೆ ಅಗೆಯುತ್ತಾರೆ. ಒಂದೇ ಸಲಕ್ಕೆ ಪೂರ್ತಿ ಅಗೆಯುವುದಿಲ್ಲ. ಸ್ವಲ್ಪ ಅಗೆದು ಒಣಗಲು ಬಿಡುತ್ತಾರೆ, ಮತ್ತೆ ಅಗೆಯುತ್ತಾರೆ. ಅಗಲ ಮೂರು ನಾಲ್ಕು ಮೀಟರ್, ಅದಕ್ಕಿಂತ ಜಾಸ್ತಿ ಆಸೆ ಪಡುವುದಿಲ್ಲ. ಕಮಾನು ಇರುವುದರಿಂದ ಮೇಲಿನ ಭಾರ ಎರಡೂ ಪಕ್ಕದ ಮಣ್ಣಿಗೆ ಇಳಿಯುತ್ತದೆ, ಅದಕ್ಕೇ ಕಂಬ ಬೇಡ. ಬಾಗಿಲ ಪಕ್ಕ ಕಾಗದ ಅಂಟಿಸಿದ ಮರದ ಜಾಲರಿ ಕಿಟಕಿ. ಕಿಟಕಿಗೆ ಒತ್ತಿ ಕಾಂಗ್, ಅಂದರೆ ಮಣ್ಣು ಇಟ್ಟಿಗೆಯ ದೊಡ್ಡ ಜಗಲಿ ಹಾಸಿಗೆ. ಒಲೆಯ ಹೊಗೆ ಅದರ ಹೊಟ್ಟೆಯೊಳಗೆ ಹಾದು ಹೊರಗೆ ಹೋಗುತ್ತದೆ. ದಾತೋಂಗ್ ಕಡೆ ಜನವರಿಯ ಸರಾಸರಿ ಉಷ್ಣಾಂಶವೇ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ. ಅಂಥ ರಾತ್ರಿಯಲ್ಲಿ ಇಡೀ ಮನೆ ಮಂದಿ ಆ ಬಿಸಿ ಜಗಲಿಯ ಮೇಲೆ ಮಲಗುತ್ತಾರೆ. ಬೇಸಿಗೆಯಲ್ಲಿ ಅದೇ ಮನೆ ತಣ್ಣಗೆ. ಮೀಟರುಗಟ್ಟಲೆ ಮಣ್ಣು ಮೇಲಿದ್ದರೆ ಹೊರಗಿನ ಬಿಸಿಯೂ ಚಳಿಯೂ ಒಳಗೆ ಬರಲು ತಿಂಗಳುಗಳೇ ಬೇಕು.

ತೆಂಕಣದ ಪಿಂಗ್ಲು ಕಡೆ ಕಡಿಯಲು ಗುಡ್ಡವೇ ಇಲ್ಲದ ಸಮ ನೆಲ ಇದೆ. ಅಲ್ಲಿ ನೆಲದಲ್ಲೇ ಬಾವಿಯ ಹಾಗೆ ಆರೇಳು ಮೀಟರ್ ಆಳದ ಚೌಕ ಗುಂಡಿ ತೋಡಿ, ಅದನ್ನೇ ಅಂಗಳ ಮಾಡಿ, ನಾಲ್ಕೂ ಗೋಡೆಗೆ ಮನೆ ಕೊರೆದಿದ್ದಾರೆ. ದೂರದಿಂದ ಮರದ ತುದಿ ಮಾತ್ರ ಕಾಣುತ್ತದೆ, ಊರು ಕಾಣುವುದಿಲ್ಲ. ಗುಂಡಿಯ ಸುತ್ತ ನೀರು ಒಳಗೆ ಬಾರದಂತೆ ಗಿಡ್ಡ ಗೋಡೆ. ಅಂಗಳದ ಮೂಲೆಯಲ್ಲಿ ನೀರು ಇಂಗುವ ಗುಂಡಿ. ಚಾವಣಿ ಅಂದರೆ ಮೇಲಿನ ಬಯಲು ನೆಲ. ಅಲ್ಲಿ ಗಿಡ ಬೆಳೆಯಲು ಬಿಡುವುದಿಲ್ಲ. ಮಳೆ ಬಂದು ಹೋದ ಮೇಲೆ ಕಲ್ಲಿನ ಗುಂಡು ಉರುಳಿಸಿ ನೆಲ ಗಟ್ಟಿ ಮಾಡುತ್ತಾರೆ. ಅದು ತಪ್ಪಿದರೆ ಬಿರುಕಲ್ಲಿ ನೀರು ಇಳಿಯುತ್ತದೆ, ಮನೆಗೆ ಆಯಸ್ಸು ಮುಗಿದ ಹಾಗೆ. ಜನ ಬಿಟ್ಟು ಹೋದ ಯಾವೊದೋಂಗ್ ಬೇಗ ಕುಸಿಯುವುದಕ್ಕೆ ಇದೇ ಕಾರಣ.

ಹಾಗಂತ ಇದು ಸುರಕ್ಷಿತ ಮನೆ ಅಂತ ನಾನು ಹೇಳಲಾರೆ. ಮೇಲೆ ಹೇಳಿದ ತಗ್ಗುಗಳು ನೆಲ ಕುಸಿದು ಆದವು ಅಂದೆನಲ್ಲ, ಅಂದರೆ ಅಲ್ಲಿ ಭೂಕಂಪ ಆಗುತ್ತದೆ. 1303ರಲ್ಲಿ ಲಿನ್‌ಫೆನ್ ಹತ್ತಿರದ ಹೊಂಗ್‌ತೋಂಗ್‌ನಲ್ಲಿ ಭಾರಿ ಭೂಕಂಪ ಆಯಿತು. 1556ರ ಜನವರಿಯಲ್ಲಿ ಪಕ್ಕದ ಶಾಆನ್‌ಶಿಯಲ್ಲಿ ಆದ ಕಂಪನ ಶಾನ್‌ಶಿಯ ತೆಂಕಣ ಭಾಗವನ್ನೂ ಹೊಡೆಯಿತು. ಸತ್ತವರು ಸುಮಾರು 8.3 ಲಕ್ಷ ಅಂತ ಚೀನೀ ದಾಖಲೆಗಳಿವೆ. ಇತಿಹಾಸದಲ್ಲಿ ದಾಖಲಾದ ಅತಿ ಹೆಚ್ಚು ಸಾವಿನ ಭೂಕಂಪ ಅದು. ಬಹಳ ಜನ ಸತ್ತದ್ದು ಇಂಥ ಮನೆಗಳೊಳಗೆ ಮಲಗಿದ್ದಾಗ. ಒಂದೇ ಮಣ್ಣು, ಚಳಿಗೆ ಕಾಪಾಡಿತು, ಕಂಪನಕ್ಕೆ ಕೈಬಿಟ್ಟಿತು.

ಇನ್ನು ಮಳೆ ಹೆಚ್ಚಾದರೆ? ಅದನ್ನೂ ಈಚೆಗೆ ನೋಡಿದ್ದೇವೆ. 2021ರ ಅಕ್ಟೋಬರ್ ಮೊದಲ ವಾರ ಶಾನ್‌ಶಿಯಲ್ಲಿ ದಿನಗಟ್ಟಲೆ ಎಡೆಬಿಡದೆ ಮಳೆ ಸುರಿಯಿತು. 17 ಲಕ್ಷಕ್ಕೂ ಹೆಚ್ಚು ಜನ ತೊಂದರೆಗೆ ಸಿಕ್ಕರು. 1997ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಪಿಂಗ್ಯಾವೊ ಊರಿನ ಕೋಟೆಗೋಡೆಯ ಒಂದು ಭಾಗ ಕುಸಿಯಿತು. ಹೊರಗೆ ಇಟ್ಟಿಗೆ ಇದ್ದರೂ ಒಳಗೆ ಇರುವುದು ದಮ್ಮಸು ಹಾಕಿದ ಇದೇ ಮಣ್ಣು. ಒಣ ಹವೆ ನಂಬಿ ಕಟ್ಟಿದ ಸೀಮೆಗೆ ಒದ್ದೆ ಅಕ್ಟೋಬರ್ ಎಂಥ ಹೊಡೆತ ಅಂತ ಆ ಸುದ್ದಿ ಓದುವಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಮಗಳ ಫೋಟೊದಲ್ಲಿ ಗುಡ್ಡಗಳ ನಡುವೆ ಕತ್ತಿಯಿಂದ ಸೀಳಿದಂಥ ಕೊರಕಲು ಕಾಣುತ್ತವೆಯಲ್ವಾ? ಅವೂ ಇದರ ಫಲವೇ. ವರ್ಷವಿಡೀ ಒಣಗಿದ ನೆಲದ ಮೇಲೆ ಬೇಸಿಗೆಯ ನಾಲ್ಕು ಜಡಿಮಳೆ ಬಿದ್ದರೆ ನೀರು ಮಣ್ಣನ್ನು ಹೊತ್ತುಕೊಂಡೇ ಓಡುತ್ತದೆ. ಅಲ್ಲಿಯ ಜನ ಉಳಿದ ನೆಲದ ಆಕಾರಕ್ಕೆ ಮೂರು ಹೆಸರು ಇಟ್ಟಿದ್ದಾರೆ. ಮೇಲೆ ಚಪ್ಪಟೆ ಉಳಿದಿದ್ದರೆ ಯುವಾನ್. ಎರಡು ಕಡೆ ಕೊರೆದು ಉದ್ದ ದಿಣ್ಣೆ ಉಳಿದರೆ ಲಿಯಾಂಗ್, ಅಂದರೆ ತೊಲೆ. ಸುತ್ತಲೂ ಕೊರೆದು ಗುಂಡು ಗುಡ್ಡ ಉಳಿದರೆ ಮಾವೊ. ಯುವಾನ್ ಸವೆದು ಲಿಯಾಂಗ್, ಲಿಯಾಂಗ್ ಸವೆದು ಮಾವೊ. ನೆಲದ ವಯಸ್ಸನ್ನೇ ಹೆಸರಲ್ಲಿ ಇಟ್ಟ ಹಾಗಿದೆ.

ಕೊಚ್ಚಿದ ಮಣ್ಣೆಲ್ಲ ಪಡುವಣದ ಗಡಿಯ ನದಿಗೆ. ಹಳದಿ ನದಿಗೆ ಹಳದಿ ಬಣ್ಣ ಕೊಟ್ಟದ್ದು ಶಾನ್‌ಶಿ ಮತ್ತು ಶಾಆನ್‌ಶಿ ನಡುವಿನ ಈ ಕಮರಿಯೇ ಅನ್ನಬಹುದು. ಇಲ್ಲಿ ಹುಕೋ ಅನ್ನುವ ಜಲಪಾತ ಇದೆ, ಹೆಸರಿನ ಅರ್ಥ ಹೂಜಿಯ ಬಾಯಿ. ಸುಮಾರು 300 ಮೀಟರ್ ಅಗಲದ ನದಿ ಕಲ್ಲಿನ ಸಂದಿಯೊಳಗೆ ಕಿರಿದಾಗಿ ಸುಮಾರು 20 ಮೀಟರ್ ಧುಮುಕುತ್ತದೆ. ನೀರು ಬೆಲ್ಲದ ಪಾಕದ ಬಣ್ಣ. ಹಿಂದೆ ದೋಣಿಯವರು ಇಲ್ಲಿ ಸರಕು ಇಳಿಸಿ, ದೋಣಿಯನ್ನೇ ದಡಕ್ಕೆಳೆದು, ಕಲ್ಲಿನ ಮೇಲೆ ಹಗ್ಗ ಹಾಕಿ ಎಳೆದುಕೊಂಡು ಹೋಗಿ ಜಲಪಾತದ ಕೆಳಗೆ ಮತ್ತೆ ನೀರಿಗೆ ಬಿಡುತ್ತಿದ್ದರು. ಒಣ ನೆಲದ ಮೇಲೆ ದೋಣಿ ಪಯಣ ಅಂತ ಅದಕ್ಕೆ ಹೆಸರೇ ಇದೆ.

ಇಪ್ಪತ್ತನೇ ಶತಮಾನದ ನಡುವಿನಲ್ಲಿ ಆ ನದಿ ವರ್ಷಕ್ಕೆ ಸರಾಸರಿ 160 ಕೋಟಿ ಟನ್ ಹೂಳು ಹೊರುತ್ತಿತ್ತು. ಈಗ ಅದರ ಐದನೇ ಒಂದು ಪಾಲೂ ಇಲ್ಲ. ಮೆಟ್ಟಿಲು ಹೊಲ, ಕೊರಕಲಿಗೆ ಅಡ್ಡ ಹಾಕಿದ ಸಣ್ಣ ಒಡ್ಡುಗಳು, ದೊಡ್ಡ ಅಣೆಕಟ್ಟು, 1999ರಿಂದ ಇಳಿಜಾರು ಹೊಲ ಬಿಡಿಸಿ ಹುಲ್ಲು ಮರ ಹಾಕಿಸಿದ ಯೋಜನೆ, ಎಲ್ಲದರ ಪಾಲೂ ಇದೆ. ಇದು ದೊಡ್ಡ ಸಾಧನೆ, ಮನಸಾರೆ ಒಪ್ಪುತ್ತೇನೆ. ಆದರೆ ಮರದ ವಿಷಯದಲ್ಲಿ ಒಂದು ಪಾಠ ಇದೆ. ಬಡಗಣ ಶಾನ್‌ಶಿಯಲ್ಲಿ ಹಿಂದೆ ನೆಟ್ಟ ಪಾಪ್ಲರ್ ಮರಗಳು ದಶಕ ಕಳೆದರೂ ಎರಡಾಳು ಎತ್ತರಕ್ಕೆ ನಿಂತು, ತುದಿ ಒಣಗಿ, ಬಾಗಿ ಹೋದವು. ಜನ ಅವನ್ನು ಮುದುಕ ಗಿಡ ಅನ್ನುವ ಅರ್ಥದಲ್ಲಿ ಕರೆಯುತ್ತಾರೆ. ಆಳದ ತೇವ ಹೀರಿ ಮುಗಿಸಿದ ಮೇಲೆ ಮೇಲಿನ ಮಳೆ ಸಾಲಲಿಲ್ಲ. ಅಲ್ಲಿಗೆ ಹುಲ್ಲು ಮತ್ತು ಪೊದೆಯೇ ಸರಿ ಅಂತ ಈಗ ಬಹಳ ತಜ್ಞರು ಹೇಳುತ್ತಾರೆ. ನನ್ನ ಅಭಿಪ್ರಾಯವೂ ಅದೇ.

ಈ ಒಣ ನೆಲಕ್ಕೂ ನಮಗೂ ಒಂದು ನಂಟಿದೆ, ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ನವಣೆ ಮತ್ತು ಬರಗು ಎರಡನ್ನೂ ಮೊದಲು ಬೆಳೆಗೆ ಪಳಗಿಸಿದ್ದು ಬಡಗಣ ಚೀನಾದ ರೈತರು, ಸಾವಿರಾರು ವರ್ಷ ಹಿಂದೆ, ಇದೇ ಹಳದಿ ಮಣ್ಣಿನ ಸೀಮೆಯಲ್ಲಿ. ಶಾನ್‌ಶಿಯ ಚಿನ್‌ಜೋ ನವಣೆ ಇವತ್ತಿಗೂ ಚೀನಾದಲ್ಲಿ ಹೆಸರುವಾಸಿ. ಬೆಳಗ್ಗೆ ಅಲ್ಲಿ ಕುಡಿಯುವ ಹಳದಿ ಗಂಜಿ ನವಣೆಯದ್ದು. ಮಗಳಿಗೆ ಹಾಸ್ಟೆಲ್ ಊಟ ಹಿಡಿಸದಿದ್ದರೆ ಅದನ್ನು ಕೇಳಿ ಕುಡಿಯಲಿ.

ಇನ್ನೊಂದು ನಂಟು ನೋವಿನದ್ದು. 1876ರಿಂದ ಮಳೆ ಕೈಕೊಟ್ಟಾಗ ನಮ್ಮ ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಬರ ಬಿದ್ದಿತ್ತು. ಐದರಲ್ಲಿ ಒಂದು ಪಾಲು ಜನ ಅಳಿದರು ಅನ್ನುತ್ತಾರೆ. ಅದೇ ವರ್ಷಗಳಲ್ಲಿ, 1877ರ ಅದೇ ದೊಡ್ಡ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಮಳೆ ಏರುಪೇರಾಗುವುದು) ಹೊಡೆತಕ್ಕೆ, ಬಡಗಣ ಚೀನಾದಲ್ಲೂ ಬರ. 90 ಲಕ್ಷದಿಂದ 1.3 ಕೋಟಿ ಜನ ಸತ್ತರು. ಎಲ್ಲಕ್ಕಿಂತ ಜಾಸ್ತಿ ಪೆಟ್ಟು ತಿಂದದ್ದು ಶಾನ್‌ಶಿ. ಯಾಕೆ? ಧಾನ್ಯ ತಿಯಾನ್‌ಜಿನ್ ಬಂದರಿಗೆ ಬಂದಿತ್ತು. ಆದರೆ ತೈಹಾಂಗ್ ದಾಟಬೇಕಿತ್ತು. ಕಿರಿದಾದ ಕಣಿವೆ ದಾರಿಯಲ್ಲಿ ಒಂಟೆ, ಹೇಸರಗತ್ತೆ, ಮನುಷ್ಯರ ಬೆನ್ನು, ಇಷ್ಟೇ ಸಾಗಣೆ. ಮೂಟೆ ಹೊತ್ತ ಪ್ರಾಣಿಗಳೇ ದಾರಿಯಲ್ಲಿ ಸತ್ತವು. ಶತ್ರುವನ್ನು ಹೊರಗಿಟ್ಟ ಬೆಟ್ಟ ಅವತ್ತು ಅನ್ನವನ್ನೂ ಹೊರಗಿಟ್ಟಿತು. ಮೊದಲ ರೈಲು ಆ ಬೆಟ್ಟ ದಾಟಿ ತೈಯುವಾನ್ ತಲುಪಿದ್ದು 1907ರಲ್ಲಿ. ಇವತ್ತು 2009ರ ವೇಗದ ಮಾರ್ಗದಲ್ಲಿ ಸುಮಾರು 28 ಕಿಲೋಮೀಟರ್ ಉದ್ದದ ಸುರಂಗ ಇದೆ. ಮಗಳು ಬೀಜಿಂಗ್‌ನಿಂದ ಬರುವಾಗ ಆ ಗೋಡೆಯನ್ನು ಕತ್ತಲಲ್ಲಿ ಕೆಲವೇ ನಿಮಿಷದಲ್ಲಿ ದಾಟಿರುತ್ತಾಳೆ.

ಕಲ್ಲಿದ್ದಲ ಬಗ್ಗೆ ನೀವು ಕೇಳಲಿಲ್ಲ. ಆದರೂ ಎರಡು ಮಾತು. ಹಳದಿ ಮಣ್ಣಿನ ಕೆಳಗೆ ಸುಮಾರು 30 ಕೋಟಿ ವರ್ಷ ಹಳೆಯ ಕಲ್ಲಿದ್ದಲ ಪದರ ಇದೆ. ಈಚಿನ ವರ್ಷಗಳಲ್ಲಿ ಶಾನ್‌ಶಿ ಒಂದೇ ವರ್ಷಕ್ಕೆ 120 ಕೋಟಿ ಟನ್ನಿಗೂ ಹೆಚ್ಚು ತೆಗೆಯುತ್ತಿದೆ, ಇಡೀ ಭಾರತ ತೆಗೆಯುವುದಕ್ಕಿಂತ ಜಾಸ್ತಿ. ಅದರ ಬೆಲೆ ತೆತ್ತಿದ್ದು ಅಂತರ್ಜಲ. ತೈಯುವಾನ್ ಪಕ್ಕದ ಜಿನ್‌ಸಿ ದೇಗುಲದಲ್ಲಿ ನಾನ್‌ಲಾವೊ ಅನ್ನುವ ಬುಗ್ಗೆ ಇದೆ. ಮುಪ್ಪಾಗದ ಬುಗ್ಗೆ ಅಂತ ಅರ್ಥ. ಗಣಿ ಮತ್ತು ಕೊಳವೆಬಾವಿಗಳ ದೆಸೆಯಿಂದ ಅದು 1994ರಲ್ಲಿ ಬತ್ತಿತು. ಗಣಿ ಮುಚ್ಚಿಸಿ, ಬಾವಿ ಮುಚ್ಚಿಸಿ, ಹಳದಿ ನದಿಯ ನೀರನ್ನು ಊರಿಗೆ ತಂದು, ಕೊನೆಗೆ 2023ರಲ್ಲಿ ಮತ್ತೆ ಹರಿಯಿತು. ಈ ಸುದ್ದಿ ನನಗೆ ಬಹಳ ಖುಷಿ ಕೊಟ್ಟಿತು.

ಮಗಳಿಗೆ ಒಂದು ಕೆಲಸ ಹೇಳಿ. ಮುಂದಿನ ಸಲ ಲ್ಯುಲಿಯಾಂಗ್ ಕಡೆ ಬಸ್ಸು ಹತ್ತಿದಾಗ, ರಸ್ತೆಗಾಗಿ ಕಡಿದ ಎತ್ತರದ ಮಣ್ಣಿನ ಗೋಡೆ ಬಂದರೆ ಗಮನವಿಟ್ಟು ನೋಡಲಿ. ಹಳದಿಯ ನಡುವೆ ಅಡ್ಡಡ್ಡ ಕೆಂಪು ಪಟ್ಟೆಗಳು ಕಾಣುತ್ತವೆ. ಹಳದಿ ಅಂದರೆ ಚಳಿ ಒಣ ಕಾಲದ ಧೂಳು. ಕೆಂಪು ಅಂದರೆ ಮಳೆ ಚೆನ್ನಾಗಿದ್ದು, ಧೂಳು ಕಡಿಮೆಯಾಗಿ, ಹುಲ್ಲು ಬೆಳೆದು ಮಣ್ಣು ಕಳಿತ ಕಾಲ. ಆ ಕೆಂಪು ಪಟ್ಟೆಯ ಕೆಳಗೆ ಶುಂಠಿಯ ಹಾಗೆ ಗಂಟು ಗಂಟಾದ ಬಿಳಿ ಕಲ್ಲುಗಳು ಸಿಗುತ್ತವೆ. ಅಲ್ಲಿಯವರೂ ಅದಕ್ಕೆ ಶುಂಠಿ ಕಲ್ಲು ಅಂತಲೇ ಅನ್ನುತ್ತಾರೆ. ಮಳೆ ಮೇಲಿನಿಂದ ಇಳಿಸಿದ ಸುಣ್ಣ ಕೆಳಗೆ ಗಟ್ಟಿಯಾಗಿ ಆದದ್ದು, ನಮ್ಮ ಕಪ್ಪು ಮಣ್ಣಿನ ಹೊಲದಲ್ಲಿ ನೇಗಿಲಿಗೆ ಸಿಗುವ ಸುಣ್ಣದ ಹರಳಿನ ಹಾಗೇ. ಬಸ್ಸು ನಿಂತಾಗ ಗೋಡೆಯ ಬುಡಕ್ಕೆ ಹೋಗುವುದು ಬೇಡ, ಅದು ಯಾವಾಗ ಬೇಕಾದರೂ ಹೆಂಟೆ ಹೆಂಟೆಯಾಗಿ ಉದುರುತ್ತದೆ. ರಸ್ತೆ ಬದಿಗೆ ಬಿದ್ದದ್ದರಲ್ಲೇ ಒಂದು ಹೆಂಟೆ ಎತ್ತಿಕೊಂಡು ಬಂದು, ಹಾಸ್ಟೆಲಿನಲ್ಲಿ ಒಂದು ಲೋಟ ನೀರಿಗೆ ಹಾಕಿ ವಿಡಿಯೊ ಮಾಡಿ ನಿಮಗೆ ಕಳಿಸಲಿ.